ಮಾವನ ಮಂಡಿನೋವು ಮತ್ತು ಮೂರು ಹುಂಜಗಳು

ಮರಿ ಮಾರುವವನು ಸೈಕಲ್ಲಿನ ಹಿಂದಿನ ಬುಟ್ಟಿಯ ಮೇಲೆ ಕೈಯಿಟ್ಟು, "ಒಂದೂ ಹುಂಜ ಇಲ್ಲಮ್ಮಾ, ಎಲ್ಲಾ ಹೇಂಟೆಗಳೇ. ಸುಳ್ಳಾದ್ರೆ ನನ್ನ ಹೆಸರು ಬದಲಾಯಿಸಿ" ಎಂದಿದ್ದ. ಅವನ ಹೆಸರೇನೆಂದು ತಾನು ಕೇಳಿಯೇ ಇರಲಿಲ್ಲ ಎಂಬುದು ಟೈಲರಮ್ಮನಿಗೆ ಹೊಳೆದದ್ದು ಎಷ್ಟೋ ತಿಂಗಳ ಮೇಲೆ. ಅಷ್ಟು ಹೊತ್ತಿಗೆ ಮರಿಗಳಲ್ಲಿ ಮೂರು ಕೆಂಪು ಜುಟ್ಟು ಬಿಟ್ಟುಕೊಂಡು, ಬಾಲ ಬಾಗಿಸಿಕೊಂಡು, ಹಿತ್ತಿಲಿನಲ್ಲಿ ಎದೆಯುಬ್ಬಿಸಿ ತಿರುಗುತ್ತಿದ್ದವು.

ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಬೀದಿಯವರಿಗೆಲ್ಲ ಬಟ್ಟೆ ಹೊಲಿಯುತ್ತಿದ್ದುದರಿಂದ ಅವಳನ್ನು ಎಲ್ಲರೂ ಟೈಲರಮ್ಮ ಎನ್ನುತ್ತಿದ್ದರು. ಗಂಡ ಲಾರಿ ಡ್ರೈವರು, ಮನೆಗಿಂತ ರಸ್ತೆಯ ಮೇಲೇ ಹೆಚ್ಚು. ಮನೆಯಲ್ಲಿರುತ್ತಿದ್ದವರು ಅವಳು ಮತ್ತು ಮಾವ, ಇಬ್ಬರೇ.

ಹುಂಜಗಳಿಗೆ ಹೆಸರಿಟ್ಟವರು ಮಾವ. ಕೆಂಪನೆಯದು ಯಾರನ್ನು ಕಂಡರೂ ಮೇಲೇರಿ ಹೋಗುತ್ತಿತ್ತು, ಅದು ದಳವಾಯಿ. ಬೆಳ್ಳಗೆ ದಪ್ಪಗಿದ್ದು ತಿನ್ನುವುದೊಂದೇ ಕೆಲಸ ಎಂದುಕೊಂಡಿದ್ದು ಸಾಹುಕಾರ. ಇನ್ನೊಂದು ಕೂಗಲು ಬಾಯಿ ತೆರೆದರೆ ಅರ್ಧದಲ್ಲೇ ಗಂಟಲು ಒಡೆದು ಅತ್ತಂತೆ ಕೇಳಿಸುತ್ತಿತ್ತು. ಅದಕ್ಕೆ ಅಳುಮುಂಜಿ ಎಂದೇ ಹೆಸರಾಯಿತು. ಅಳುಮುಂಜಿಗೆ ಹೊಲಿಗೆ ಕೋಣೆಯೆಂದರೆ ಪ್ರಾಣ. ಬಾಗಿಲು ತೆರೆದಿದ್ದರೆ ಸಾಕು, ಒಳಗೆ ಬಂದು ಯಂತ್ರದ ಪೆಡಲಿನ ಪಕ್ಕ ಕುಳಿತು, ಅದು ಮೇಲೆ ಕೆಳಗೆ ಆಡುವುದನ್ನೇ ಕತ್ತು ಓರೆ ಮಾಡಿ ನೋಡುತ್ತಿತ್ತು.

ಮೊದಮೊದಲು ಎಲ್ಲ ತಮಾಷೆಯಾಗಿಯೇ ಇತ್ತು. ಆಮೇಲೆ ತಮಾಷೆ ಹೋಗಿ ತಲೆನೋವು ಉಳಿಯಿತು. ಆ ಅಂಗೈಯಗಲದ ಹಿತ್ತಿಲಿನಲ್ಲಿ ಇದ್ದ ನಾಲ್ಕು ಹೇಂಟೆಗಳ ಹಿಂದೆ ಮೂರು ಹುಂಜ ಬಿದ್ದರೆ ಅವು ಹೋಗುವುದಾದರೂ ಎಲ್ಲಿಗೆ? ಬೆನ್ನಿನ ಪುಕ್ಕ ಕಿತ್ತುಹೋಗಿ ಕೆಂಪು ಚರ್ಮ ಕಾಣಿಸತೊಡಗಿತು. ಮೊಟ್ಟೆಯೂ ಕಡಿಮೆಯಾಯಿತು. ಒಂದು ಹೇಂಟೆಯಂತೂ ಗೂಡಿನಿಂದ ಕೆಳಗಿಳಿಯುವುದನ್ನೇ ಬಿಟ್ಟುಬಿಟ್ಟಿತು. ದಳವಾಯಿ ಸಾಹುಕಾರನ ಜುಟ್ಟು ಹಿಡಿದು ಜಗ್ಗುವುದು, ಸಾಹುಕಾರ ಆ ಸಿಟ್ಟನ್ನು ಅಳುಮುಂಜಿಯ ಮೇಲೆ ತೀರಿಸಿಕೊಳ್ಳುವುದು, ಇದು ದಿನದ ರಾಮಾಯಣವಾಯಿತು.

ಪಕ್ಕದ ಮನೆಯಲ್ಲಿ ಆಸ್ಪತ್ರೆಯ ನರ್ಸೊಬ್ಬಳಿದ್ದಳು. ಅವಳದು ರಾತ್ರಿ ಪಾಳಿ, ಹಗಲು ನಿದ್ದೆ. ಒಂದು ದಿನ ಗೋಡೆಯಾಚೆಯಿಂದ ಕೆಂಪಗಾದ ಕಣ್ಣು ತೋರಿಸುತ್ತ, "ಅಕ್ಕಾ, ತಪ್ಪು ತಿಳ್ಕೋಬೇಡಿ. ಒಂದು ಕೂಗಿದ್ರೆ ಹೇಗೋ ತಡ್ಕೋತೀನಿ. ಇವು ಸರದಿ ಹಾಕ್ಕೊಂಡು ಕೂಗ್ತವೆ. ನಿನ್ನೆ ಡ್ಯೂಟೀಲಿ ನಿಂತಲ್ಲೇ ತೂಕಡಿಸಿದೆ" ಎಂದಳು. ಜಗಳವಾಡಿದ್ದರೆ ತಿರುಗಿ ಏನಾದರೂ ಹೇಳಬಹುದಿತ್ತು. ಅವಳು ಹಾಗೆ ಮೆತ್ತಗೆ ಹೇಳಿದ್ದಕ್ಕೆ ಟೈಲರಮ್ಮನಿಗೆ ಇನ್ನಷ್ಟು ನಾಚಿಕೆಯಾಯಿತು.

ಗಂಡನಿಗೆ ಫೋನಿನಲ್ಲಿ ಹೇಳಿದರೆ ಅವನು ನಕ್ಕುಬಿಟ್ಟ. "ಮನೇಲಿ ಅಪ್ಪ ಇದ್ದಾರಲ್ಲೇ! ಇದೊಂದು ಚಿಂತೆನಾ ನಿಂಗೆ?"

ಮಾತು ನಿಜವೇ. ಮಾವ ಜೀವಮಾನವೆಲ್ಲ ಮಾಂಸದಂಗಡಿಯಲ್ಲಿ ದುಡಿದವರು. ಅವರ ಕತ್ತಿಯ ಕೈಚಳಕವನ್ನು ಪೇಟೆಯವರು ಈಗಲೂ ನೆನೆಯುತ್ತಿದ್ದರು. ಟೈಲರಮ್ಮ ಸೆರಗಿನ ತುದಿ ತಿರುಚುತ್ತ ಕೇಳಿದಾಗ ಅವರು, "ಅಯ್ಯೋ, ಅದೇನು ಮಹಾ! ಭಾನುವಾರ ಮುಗಿಸ್ತೀನಿ ಬಿಡು" ಎಂದು ಪೇಪರಿನಿಂದ ತಲೆಯನ್ನೂ ಎತ್ತಲಿಲ್ಲ.

ಭಾನುವಾರ ಬಂತು. ಮಾವನಿಗೆ ಮಂಡಿನೋವು. ಮುಂದಿನ ಭಾನುವಾರ ಕತ್ತಿ ಮೊಂಡಾಗಿತ್ತು, ಸಾಣೆಯವನು ಬರಲಿಲ್ಲ. ಅದರ ಮುಂದಿನ ಭಾನುವಾರ ಮತ್ತೆ ಮಂಡಿ ಕೈಕೊಟ್ಟಿತು. ಪ್ರತಿ ಸಲವೂ ಟೈಲರಮ್ಮ, "ಇರಲಿ ಮಾವ, ಅವಸರ ಏನಿಲ್ಲ" ಎಂದು ಎಣ್ಣೆ ಬಿಸಿ ಮಾಡಿ ಕೊಡುತ್ತಿದ್ದಳು. ಪೆಡಲಿನ ಪಕ್ಕದಲ್ಲಿ ಕುಳಿತ ಅಳುಮುಂಜಿಯನ್ನು ನೋಡಿದಾಗೆಲ್ಲ, ಈ ವಾರ ತಪ್ಪಿತಲ್ಲ ಎಂದು ಒಳಗೊಳಗೇ ಹಗುರವಾಗುತ್ತಿತ್ತು. ಆದರೆ ಹಾಗೆಂದು ಹೇಳುವುದು ಹೇಗೆ? ಕೊಯ್ಯಿರಿ ಎಂದು ಕೇಳಿದವಳೇ ತಾನು. ಮೇಲಾಗಿ ಆ ಕೆಲಸದಿಂದಲೇ ಈ ಮನೆ ನಡೆದದ್ದು. ಅಂಥವರ ಮುಂದೆ ಕೋಳಿಯ ಮೇಲೆ ಕನಿಕರ ತೋರಿಸಿದರೆ ಅವರಿಗೆ ಹೇಗನ್ನಿಸೀತು?

ಹೀಗೆ ತಳ್ಳಿಕೊಂಡು ಬಂದದ್ದಕ್ಕೆ ಕೊನೆ ಹಾಡಿದ್ದು ದಳವಾಯಿ. ಹೊಲಿಯಲು ಕೊಟ್ಟಿದ್ದ ಸಮವಸ್ತ್ರ ತೆಗೆದುಕೊಳ್ಳಲು ನರ್ಸು ಹಿತ್ತಿಲ ಬಾಗಿಲಿನಿಂದ ಬಂದಳು. ದಳವಾಯಿ ಎಲ್ಲಿತ್ತೋ ಏನೋ, ಹಿಂದಿನಿಂದ ಹಾರಿ ಕಾಲಿನ ಮುಳ್ಳಿನಿಂದ ಅವಳ ಮೀನಖಂಡವನ್ನು ಸೀಳಿಬಿಟ್ಟಿತು. ರಕ್ತ ಪಾದದವರೆಗೆ ಇಳಿಯಿತು. ಟೈಲರಮ್ಮನಿಗೆ ಕೈಕಾಲೇ ಆಡಲಿಲ್ಲ. ನರ್ಸು ತಾನೇ ಗಾಯ ತೊಳೆದುಕೊಂಡು ಬಟ್ಟೆ ಸುತ್ತಿಕೊಂಡಳು. "ನನ್ನ ಕಾಲಿಗಾಯ್ತು, ಪರವಾಗಿಲ್ಲ. ಸಣ್ಣ ಮಕ್ಕಳ ಕಣ್ಣಿಗೆ ಆಗಿದ್ರೆ?" ಎಂದಷ್ಟೇ ಅಂದಳು.

ಮಾವ ಬಾಗಿಲಲ್ಲಿ ನಿಂತು ಎಲ್ಲ ನೋಡಿದರು. "ನಾಳೆ ಬೆಳಗ್ಗೆ" ಎಂದರು. ಮಂಡಿಯ ಮಾತು ಬರಲಿಲ್ಲ.

ಬೆಳಗಾಗುತ್ತಲೇ ಟೈಲರಮ್ಮ ಬೆಕ್ಕಿನ ಹೆಜ್ಜೆಯಲ್ಲಿ ಗೂಡಿಗೆ ಹೋಗಿ ಅಳುಮುಂಜಿಯನ್ನು ಎತ್ತಿಕೊಂಡು ಬಂದಳು. ಹೊಲಿಗೆ ಕೋಣೆಯ ಮೂಲೆಯಲ್ಲಿ ಕೂರಿಸಿ, ಬುಟ್ಟಿ ಕವುಚಿ, ಮೇಲೆ ದಪ್ಪನೆಯ ಪರದೆಯ ಬಟ್ಟೆ ಹೊದಿಸಿದಳು. ಮಾವ ಕೇಳಿದರೆ ಬೆಕ್ಕು ಹಿಡಿದಿರಬೇಕು ಎನ್ನುವುದೆಂದು ತೀರ್ಮಾನಿಸಿದ್ದಳು. ಗೂಡಿನಲ್ಲಿ ಬೇರೆ ಯಾವ ಹುಂಜವೂ ಕಾಣದಿದ್ದುದನ್ನು ಆ ಗಡಿಬಿಡಿಯಲ್ಲಿ ಅವಳು ಗಮನಿಸಿರಲಿಲ್ಲ.

ಮತ್ತೆ ಹಿತ್ತಿಲಿಗೆ ಬಂದು ನೋಡಿದರೆ ಬಟ್ಟೆ ಒಗೆಯುವ ಕಲ್ಲಿನ ಆಚೆ ಬದಿಯಲ್ಲಿ ಮಾವ ಕುಳಿತಿದ್ದರು. ತೊಡೆಯ ಮೇಲೆ ದಳವಾಯಿ. ಅದರ ಕಾಲು ಕಟ್ಟಿತ್ತು. ಕತ್ತಿ ಮಾತ್ರ ಬಟ್ಟೆ ಸುತ್ತಿದ ಹಾಗೇ ಗೋಡೆಯ ಮೇಲಿತ್ತು. ಹುಂಜದ ಬೆನ್ನಿನ ಮೇಲಿದ್ದ ಅವರ ಕೈ ನಡುಗುತ್ತಿತ್ತು.

"ಬಂದ್ಯಾ? ಎರಡೇ ಸಿಕ್ಕಿದ್ದು" ಎಂದರು ಮಾವ, ಅವಳ ಮುಖ ನೋಡದೆ. "ಎರಡಲ್ಲ, ಒಂದೇ. ಸಾಹುಕಾರ... ಗೋಡೆ ಹಾರಿ ಹೋಯ್ತು ಅನ್ಸುತ್ತೆ."

"ಅಳುಮುಂಜಿನೂ ಕಾಣ್ತಿಲ್ಲ ಮಾವ. ಬೆಕ್ಕು..."

ಅವಳ ಮಾತು ಮುಗಿಯುವ ಮೊದಲೇ ಮಾವನ ಕೋಣೆಯೊಳಗಿಂದ, ಮಂಚದ ಕೆಳಗಿನಿಂದಲೇ ಇರಬೇಕು, ಸಾಹುಕಾರ ಗಂಟಲು ತುಂಬಿ ಕೂಗಿತು. ಅದಕ್ಕೆ ಉತ್ತರವಾಗಿ ಹೊಲಿಗೆ ಕೋಣೆಯಿಂದ ಅಳುಮುಂಜಿ ಅರ್ಧ ಕೂಗಿ ಗಂಟಲು ಒಡೆದುಕೊಂಡಿತು.

ಮಾವ ಸೊಸೆಯನ್ನು ನೋಡಿದರು. ಸೊಸೆ ಮಾವನನ್ನು ನೋಡಿದಳು. ಮೊದಲು ನಕ್ಕವರು ಯಾರೋ ಗೊತ್ತಿಲ್ಲ. ಅವಳು ನಕ್ಕು ನಕ್ಕು ನೆಲದ ಮೇಲೇ ಕುಳಿತುಬಿಟ್ಟಳು. ಮಾವ ಕಣ್ಣೊರೆಸಿಕೊಂಡರು. ಒರೆಸಿಕೊಳ್ಳುವುದು ನಗು ನಿಂತ ಮೇಲೂ ನಿಲ್ಲಲಿಲ್ಲ.

"ನನ್ ಕೈಲಿ ಆಗ್ತಿಲ್ಲಮ್ಮ" ಎಂದರು. "ಅಂಗಡಿಗೆ ಬರ್ತಿದ್ದವು ಯಾರ ಮನೇವೋ. ಇವಕ್ಕೆ ದಿನಾ ನಾನೇ ನುಚ್ಚು ಹಾಕಿದ್ದು. ಅದೂ ಅಲ್ಲ... ಅಂಗಡಿ ಬಿಡೋ ಮುಂಚೇನೇ ಕೈ ನಡುಗೋಕೆ ಶುರುವಾಗಿತ್ತು. ಒಂದು ದಿನ ಏಟು ಸರಿಯಾಗಿ ಬೀಳಲಿಲ್ಲ. ಆ ಜೀವ ಒದ್ದಾಡಿದ್ದು ನೋಡಿ ಕತ್ತಿ ಇಟ್ಟವನು ಮತ್ತೆ ಮುಟ್ಟಲಿಲ್ಲ. ಮನೇಲಿ ಮಂಡಿನೋವು ಅಂದೆ."

"ಅಷ್ಟು ಎಣ್ಣೆ ಹಚ್ಚಿಸ್ಕೊಂಡ್ರಲ್ಲ ಮಾವ!"

"ಬಿಸಿ ಎಣ್ಣೆ ಹಿತವಾಗಿತ್ತು" ಎಂದರು ಅವರು, ತಪ್ಪು ಮಾಡಿ ಸಿಕ್ಕಿಬಿದ್ದ ಮಗುವಿನ ಮುಖ ಮಾಡಿಕೊಂಡು. "ಸೊಸೆ ಕೇಳಿದ ಒಂದೇ ಒಂದು ಕೆಲಸ, ಅದನ್ನೂ ಆಗಲ್ಲ ಅನ್ನೋದು ಹೇಗೆ ಅಂತ..."

"ಬೇಡ ಅಂತ ಹೇಳೋಕೆ ನಾನೂ ಒದ್ದಾಡ್ತಿದ್ದೆ."

ಎಷ್ಟೋ ವಾರಗಳಿಂದ ಎದೆಯ ಮೇಲೆ ಕುಳಿತಿದ್ದ ಚಪ್ಪಡಿಯನ್ನು ಯಾರೋ ಪಕ್ಕಕ್ಕೆ ಸರಿಸಿದಂತಾಯಿತು ಅವಳಿಗೆ. ಚಹಾ ಮಾಡಿ ತಂದಳು. ಇಬ್ಬರೂ ಕಲ್ಲಿನ ಮೇಲೆ ಕುಳಿತು ಕುಡಿದರು. ಹಾಗೆಂದು ಹುಂಜಗಳು ಕರಗಿಹೋಗಿರಲಿಲ್ಲ. ಮಾವ ಆಗಲೇ ಫೋನು ತೆಗೆದು, ತಾವು ಬಿಟ್ಟ ಅಂಗಡಿಯನ್ನು ಈಗ ನಡೆಸುತ್ತಿದ್ದ ತಮ್ಮ ಶಿಷ್ಯನಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಅವನಿಗೆ ಊರಾಚೆಯ ಹೂದೋಟದ ಹೆಂಗಸೊಬ್ಬಳ ಪರಿಚಯವಿತ್ತು. ಅವಳಲ್ಲಿ ಹೇಂಟೆಗಳ ದಂಡೇ ಇತ್ತು, ಇದ್ದೊಂದು ಹುಂಜವನ್ನು ಕಾಡುಬೆಕ್ಕು ಹೊತ್ತೊಯ್ದಿತ್ತು. ಮರಿ ಮಾಡಿಸಲು ಹುಂಜ ಬೇಕೆಂದು ಅವಳು ಕಂಡವರನ್ನೆಲ್ಲ ಕೇಳುತ್ತಿದ್ದಳಂತೆ.

ಹೂದೋಟದವಳು ಫೋನಿನಲ್ಲೇ ಕೇಳಿದಳು: "ಮನುಷ್ಯರ ಮೇಲೆ ಬೀಳ್ತವಾ? ನಮ್ಮಲ್ಲಿ ಹೂ ಬಿಡಿಸೋರು ಬಗ್ಗಿ ಕೆಲಸ ಮಾಡ್ತಾರೆ."

ಟೈಲರಮ್ಮ ಮಾವನ ಮುಖ ನೋಡಿದಳು. ಇಲ್ಲ ಎಂದುಬಿಟ್ಟರೆ ಮೂರೂ ಒಟ್ಟಿಗೇ ದಾಟಿಹೋಗುತ್ತಿದ್ದವು.

"ಎರಡು ಬೀಳಲ್ಲಮ್ಮ, ಒಂದು ಬೀಳುತ್ತೆ. ಅದನ್ನ ನಾನು ಯಾರಿಗೂ ಕೊಡಲ್ಲ" ಎಂದರು ಮಾವ.

ಹೀಗಾಗಿ ಮೊದಲು ಹೋದದ್ದು ಶಿಷ್ಯನ ಅಂಗಡಿಗೆ. ದಳವಾಯಿಯನ್ನು ಮಾವ ದಾರಿಯುದ್ದಕ್ಕೂ ಕಂಕುಳಲ್ಲೇ ಹಿಡಿದುಕೊಂಡಿದ್ದರು. ಅದೂ ಯಾಕೋ ಕಣ್ಣು ಮುಚ್ಚಿಕೊಂಡು ಸುಮ್ಮನಿತ್ತು. ಶಿಷ್ಯ ಎದ್ದು ನಿಂತು ಎರಡೂ ಕೈ ಚಾಚಿದ. "ನೀವು ಹೊರಗಿರಿ ಗುರುಗಳೇ. ನಿಮ್ಮ ಹತ್ರಾನೇ ಕಲಿತಿದ್ದು, ನರಳೋಕೆ ಬಿಡಲ್ಲ." ಬೇಗನೇ ಮುಗಿಯಿತು. ಮಾಂಸ ಕಟ್ಟಿಕೊಡಲೇ ಎಂದು ಅವನು ಕೇಳಿದಾಗ, "ಬೇಕಾದೋರಿಗೆ ಕೊಡಪ್ಪ" ಎಂದು ಮಾವ ಅಂಗಡಿಯ ಮೆಟ್ಟಿಲಿಳಿದರು. ಟೈಲರಮ್ಮನ ಕಣ್ಣು ಒದ್ದೆಯಾಗಿತ್ತು. ಆದರೂ ಸುತ್ತಿದ ಬಟ್ಟೆಯಿಂದ ರಕ್ತ ಜಿನುಗುತ್ತಿದ್ದ ನರ್ಸಿನ ಕಾಲು ನೆನಪಾಗಿ, ಬೇರೆ ದಾರಿಯಿರಲಿಲ್ಲ ಎಂದುಕೊಂಡಳು.

ಹೂದೋಟದಲ್ಲಿ ಬುಟ್ಟಿಯ ಬಾಯಿ ಬಿಚ್ಚಿದ್ದೇ ತಡ, ಸಾಹುಕಾರ ನೇರವಾಗಿ ಕಾಳಿನ ತಟ್ಟೆಗೆ ನಡೆಯಿತು. ಅಳುಮುಂಜಿ ಒಂದು ಗಿಡದ ಬುಡದಲ್ಲಿ ನಿಂತು ಅತ್ತಿತ್ತ ನೋಡಿತು. ಇದೊಂದನ್ನಾದರೂ ವಾಪಸು ಕರೆದೊಯ್ಯಲೇ ಎಂದು ಟೈಲರಮ್ಮನ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಕಪ್ಪು ಹೇಂಟೆಯೊಂದು ಹತ್ತಿರ ಬಂದು ಮಣ್ಣು ಕೆದಕಿತು. ಅಳುಮುಂಜಿಯೂ ಕೆದಕಿತು. ಆಮೇಲೆ ರೆಕ್ಕೆ ಬಡಿದು ಕತ್ತೆತ್ತಿ ತನ್ನ ಒಡಕು ಗಂಟಲಲ್ಲಿ ಕೂಗಿತು.

"ಇದೇನು ಹೀಗೆ ಕೂಗುತ್ತೆ?" ಎಂದು ಹೂದೋಟದವಳು ನಕ್ಕಳು. "ಇರಲಿ ಬಿಡಿ. ಇಲ್ಲಿ ನಿದ್ದೆ ಕೆಡೋರು ಯಾರೂ ಇಲ್ಲ."

ಊರಿಗೆ ಮರಳುವ ಬಸ್ಸಿನಲ್ಲಿ ಜನ ಕಡಿಮೆಯಿದ್ದರು. ಮಾವ ಕಿಟಕಿಯ ಪಕ್ಕ ಕುಳಿತು, ಹೂದೋಟದವಳು ಕೊಟ್ಟ ಗಿಡದ ಕುಡಿಗಳನ್ನು ತೊಡೆಯ ಮೇಲಿಟ್ಟುಕೊಂಡರು. ಸ್ವಲ್ಪ ಹೊತ್ತು ಅವನ್ನು ಎಲ್ಲಿ ನೆಡುವುದು, ನೆರಳು ಬೇಕೋ ಬಿಸಿಲು ಬೇಕೋ ಎಂದು ಮಾತಾಡಿದರು. ಮಾತಿನ ನಡುವೆಯೇ ಅವರ ತಲೆ ಕಿಟಕಿಯ ಸರಳಿಗೆ ವಾಲಿತು. ಸಣ್ಣಗೆ ಗೊರಕೆ ಶುರುವಾಯಿತು. ಟೈಲರಮ್ಮ ತನ್ನ ಕೈವಸ್ತ್ರವನ್ನು ಮಡಿಸಿ ಸರಳಿಗೂ ಅವರ ಕೆನ್ನೆಗೂ ನಡುವೆ ಮೆಲ್ಲಗೆ ತೂರಿಸಿದಳು. ತಮ್ಮ ನಿಲ್ದಾಣ ಬರುವವರೆಗೂ ಎಬ್ಬಿಸಲಿಲ್ಲ.