ಮೂಕಬಾವಿ ತೋಟದ ಪೀಪಾಯಿ

ನಾನು ಓಕ್ ಮರದ ಒಂದು ಪೀಪಾಯಿ. ನನ್ನ ಮೈಯಲ್ಲಿ ಮೊಳೆಯಿಲ್ಲ, ಅಂಟಿಲ್ಲ. ಸೀಳಿದ ಹಲಗೆಗಳನ್ನು ವರ್ಷಗಟ್ಟಲೆ ಬಿಸಿಲು ಮಳೆಗೆ ಬಿಟ್ಟು, ಆಮೇಲೆ ಬೆಂಕಿಯ ಸುತ್ತ ನಿಲ್ಲಿಸಿ, ನೀರು ಚಿಮುಕಿಸಿ ಬಗ್ಗಿಸಿ, ಕಬ್ಬಿಣದ ಬಳೆ ತೊಡಿಸಿದರು. ಒಳಮೈಯನ್ನು ಹದವಾಗಿ ಸುಟ್ಟರು. ಹೊಟ್ಟೆಯ ಮೇಲೆ ಒಂದು ತೂತು ಕೊರೆದರು. ನನಗೆ ಕಣ್ಣು, ಕಿವಿ, ಬಾಯಿ ಎಲ್ಲವೂ ಅದೇ.

ಫ್ರಾನ್ಸಿನ ಬೋರ್ಡೊ ಸೀಮೆಯಲ್ಲಿ, ನದಿಯಿಂದ ತುಸು ಮೇಲೆ, ಜಲ್ಲಿಕಲ್ಲಿನ ನೆಲದಲ್ಲಿ ಒಂದು ದ್ರಾಕ್ಷಿ ತೋಟ. ಬಿಂದಿಗೆ ನೀರಿಗೆ ಬಿದ್ದರೂ ಸದ್ದು ಮೇಲೆ ಬಾರದಷ್ಟು ಆಳದ ಬಾವಿಯೊಂದು ಅಲ್ಲಿತ್ತು. ಅದಕ್ಕೇ ಊರವರು ಅದನ್ನು ಮೂಕಬಾವಿ ತೋಟ ಎನ್ನುತ್ತಿದ್ದರು. ಅಲ್ಲಿನ ಕೆಂಪು ವೈನಿಗೆ ದೂರದೂರದ ಗಿರಾಕಿಗಳು. ನನ್ನನ್ನು ಗಾಡಿಯಿಂದಿಳಿಸಿದ ದಿನ ಯಜಮಾನ ಆನ್ಸೆಲ್ಮ್ ಮಂಡಿಯೂರಿ, ಹಸುಗೂಸಿನ ನೆತ್ತಿ ಮೂಸುವ ಹಾಗೆ, ನನ್ನ ತೂತಿಗೆ ಮೂಗಿಟ್ಟರು. ನನಗೆ ಕಂಡದ್ದು ಎರಡು ಹೊಳ್ಳೆ, ಒಂದು ನರೆತ ಮೀಸೆ.

"ಸುಟ್ಟ ರೊಟ್ಟಿ ವಾಸನೆ! ಬಾರೋ ಒಳಗೆ," ಎಂದರು.

ಆ ಮೂಗೇ ತೋಟದ ಬಂಡವಾಳ. ಯಾವ ಪೀಪಾಯಿಯ ವೈನ್ ತೋಟದ ಹೆಸರು ಹೊತ್ತು ಹೊರಡಬೇಕು, ಯಾವುದು ಹೆಸರಿಲ್ಲದೆ ಅಗ್ಗಕ್ಕೆ ಹೋಗಬೇಕು ಎಂಬುದನ್ನು ಅದೇ ತೀರ್ಮಾನಿಸುತ್ತಿತ್ತು. ಮಗಳು ಓಡಿಲ್ ದೀಪ ಹಿಡಿದು ಹಿಂದೆ ನಿಂತಿರುತ್ತಿದ್ದಳು. ಅವಳಿಗೂ ಒಂದು ಮೂಗಿದೆಯೆಂದು ಯಾರೂ ಯೋಚಿಸಿದಂತಿರಲಿಲ್ಲ.

ಮರ ಉಸಿರಾಡುತ್ತದೆ. ಒಳಗಿನ ವೈನ್ ಚೂರುಚೂರೇ ಆವಿಯಾಗುತ್ತದೆ. ಆ ಖಾಲಿಯನ್ನು ತುಂಬುತ್ತಲೇ ಇರಬೇಕು, ಇಲ್ಲವಾದರೆ ಗಾಳಿ ಸೇರಿ ಹುಳಿಯುತ್ತದೆ. ಆ ಚಳಿಗಾಲ ಆನ್ಸೆಲ್ಮ್ ಜ್ವರ ಬಂದು ಮಲಗಿದರು. ಓಡಿಲ್ ಅವರ ಹಾಸಿಗೆ ಬಿಟ್ಟು ಕದಲಲಿಲ್ಲ. ಮೂಲೆಯಲ್ಲಿದ್ದ ನನ್ನನ್ನು ತುಂಬುವುದು ಆಳುಗಳಿಗೆ ಮರೆತುಹೋಯಿತು.

ಎದ್ದು ಓಡಾಡುವಂತಾದಾಗ ಅವರು ಒಬ್ಬರೇ ನೆಲಮಾಳಿಗೆಗೆ ಬಂದು ನನ್ನ ಬಿರಡೆ ತೆಗೆದರು. ಹೊಳ್ಳೆಗಳು ಅರಳಿದವು, ಮುಚ್ಚಿದವು, ಮತ್ತೆ ಅರಳಿದವು. ಮುಖದಲ್ಲಿ ಏನೂ ಮೂಡಲಿಲ್ಲ. ತಮ್ಮದೇ ಮನೆಯ ಬಾಗಿಲು ತಟ್ಟಿ, ಯಾರೂ ತೆರೆಯದೆ ನಿಂತವರ ಹಾಗೆ ನಿಂತಿದ್ದರು. ಜ್ವರ ಹೋಗುವಾಗ ಮೂಗನ್ನು ಒಯ್ದಿತ್ತು. ಅದು ಗೊತ್ತಿದ್ದದ್ದು ಅವರಿಗೆ ಮತ್ತು ನನಗೆ.

ಮರುದಿನದಿಂದ ಹೊಸ ಪಾಠ ಶುರುವಾಯಿತು. ಬೇರೆ ಬೇರೆ ಪೀಪಾಯಿಗಳ ಮುಂದೆ ನಿಂತು ಮಗಳನ್ನು ಕೇಳುವರು: "ನೀನೇ ಹೇಳು ನೋಡೋಣ, ಇದರಲ್ಲಿ ಏನಿದೆ?"

"ಚೆರ್ರಿ... ಒದ್ದೆ ಮಣ್ಣು. ಸ್ವಲ್ಪ ಹೊಗೆ."

"ಹ್ಞೂಂ. ಪರವಾಗಿಲ್ಲ ಕಣೇ."

ಅಪ್ಪ ಕೊನೆಗೂ ತನ್ನನ್ನು ಗಮನಿಸಿದರೆಂದು ಓಡಿಲ್ ಗುನುಗುತ್ತಾ ಮೆಟ್ಟಿಲು ಹತ್ತುತ್ತಿದ್ದಳು.

ಆರಿಸಿದ ಪೀಪಾಯಿಗಳ ವೈನುಗಳನ್ನೆಲ್ಲ ಬೆರೆಸಿ ಆ ವರ್ಷದ ಒಂದೇ ವೈನ್ ಮಾಡುವ ದಿನ ಹಳೆಯ ವ್ಯಾಪಾರಿ ಗಾಸ್ತಾಂದ್ ಬಂದ. "ಏನಯ್ಯಾ ಆನ್ಸೆಲ್ಮ್, ಮಗಳ ಮೂಗನ್ನ ಬಾಡಿಗೆಗೆ ತಗೊಂಡಿದ್ದೀಯಂತೆ?" ಎಂದು ನಕ್ಕ.

ಮಾತು ಚುಚ್ಚಿತು. ಆನ್ಸೆಲ್ಮ್ ಮಗಳಿಗಾಗಿ ಕಾಯದೆ ನೇರ ನನ್ನ ಬಳಿ ಬಂದು, ಗಾಜಿನ ಕೊಳವೆಯಿಂದ ಲೋಟಕ್ಕೆ ವೈನ್ ತೆಗೆದು, ಮೂಸಿದಂತೆ ಮಾಡಿ, ಗುಟುಕರಿಸಿ, "ಈ ವರ್ಷದ ಜೀವಾಳ ಇದೇ. ಮೊದಲು ಇದನ್ನೇ ಬೆರೆಸೋಣ," ಎಂದುಬಿಟ್ಟರು.

ಗಾಸ್ತಾಂದ್ ಕೈ ಚಾಚಿದ. ಅಷ್ಟರಲ್ಲಿ ಓಡಿಲ್ ಲೋಟ ತೆಗೆದುಕೊಂಡು ಮೂಸಿದ್ದಳು. ನಾಲಿಗೆಗಿನ್ನೂ ಸಿಗದ, ಮೂಗಿಗೆ ಮಾತ್ರ ಸಿಗುವ ಹುಳಿ ನನ್ನಲ್ಲಿ ಹುಟ್ಟಿತ್ತು. ಅದನ್ನು ಬೆರೆಸಿದರೆ ಇಡೀ ವರ್ಷದ ವೈನ್ ಕೆಡುತ್ತದೆ. ಬಾಯಿಬಿಟ್ಟರೆ ಅಪ್ಪನ ಹೆಸರು ಸಂಜೆಯೊಳಗೆ ಊರೂರು ಸುತ್ತುತ್ತದೆ. ಅವಳು ಅಪ್ಪನನ್ನು ನೋಡಿದಳು. ಅವರು ಅವಳ ಮುಖವನ್ನೇ ಓದುತ್ತಿದ್ದರು. ಲೋಟ ನೆಲಕ್ಕೆ ಬಿತ್ತು.

"ಅಯ್ಯೋ, ಜಾರಿಬಿಡ್ತು! ನೀವೂ ಸರಿ ಅಪ್ಪ, ಮೂಲೇದು ಅಡುಗೆಮನೆಗೆ, ಪಕ್ಕದ್ದು ಬೆರೆಸೋಕೆ ಅಂತ ಬೆಳಿಗ್ಗೆ ನೀವೇ ಹೇಳಿ, ಈಗ ಇದನ್ನ ಹೊಗಳ್ತಿದ್ದೀರಲ್ಲ!"

"ಜ್ವರ ತಲೆಗೂ ಏರಿತ್ತು ಅನ್ನು!" ಗಾಸ್ತಾಂದ್ ಗಹಗಹಿಸಿದ.

"ಏರಿತ್ತು," ಎಂದರು ಆನ್ಸೆಲ್ಮ್ ಮೆಲ್ಲಗೆ.

ಅವನು ಹೋದಮೇಲೆ ಓಡಿಲ್ ನನಗೆ ಬೆನ್ನು ಕೊಟ್ಟು ಕುಳಿತಳು. "ಯಾವಾಗಿಂದ?"

"ಜ್ವರ ಬಿಟ್ಟಾಗಿಂದ."

"ಹಾಗಾದ್ರೆ ದಿನಾ ಕೇಳ್ತಿದ್ದದ್ದು... ನಾನು ಪಾಸಾಗ್ತಿದ್ದೀನಿ ಅಂದ್ಕೊಂಡಿದ್ದೆ."

"ನೀನು ಹೇಳಿದ್ದು ಸರಿಯೋ ತಪ್ಪೋ ನನಗೆ ಗೊತ್ತಾಗ್ತಿರಲಿಲ್ಲ ಮಗಳೇ. ನಂಬ್ತಿದ್ದೆ, ಅಷ್ಟೇ."

ಅವಳ ಭುಜ ನನ್ನ ಹಲಗೆಗೆ ತಾಗಿ ಅಲುಗುತ್ತಿತ್ತು. ಕೊನೆಗೆ ಎದ್ದು, ದೀಪವನ್ನು ಅಪ್ಪನ ಕೈಗೆ ಕೊಟ್ಟು, ಪಕ್ಕದ ಪೀಪಾಯಿಯ ಮುಂದೆ ತಾನು ಮಂಡಿಯೂರಿದಳು.

ನಾನು ಅಡುಗೆಮನೆಯ ಮೂಲೆಗೆ ಬಂದೆ, ವಿನೆಗರ್ ಪೀಪಾಯಿಯಾಗಿ. ಊಟದ ಮೇಜಿನಲ್ಲಿ ಉಳಿದ ವೈನನ್ನು ನನಗೆ ಸುರಿಯುತ್ತಾರೆ. ಓಡಿಲ್ ಆರಿಸಿದ ಒಂದೊಂದು ವರ್ಷದ ವೈನೂ ಹೀಗೆ ನನ್ನೊಳಗೆ ಬಂದು ಹುಳಿಯಾಗಿದೆ. ಬಳೆಗಳಿಗೆ ತುಕ್ಕು ಹಿಡಿದಿದೆ.

ಒಂದು ಮಧ್ಯಾಹ್ನ ಲೋಟದ ತಳ ಸುರಿಯಲು ಬಂದ ಆನ್ಸೆಲ್ಮ್, ಹಳೇ ಅಭ್ಯಾಸದಂತೆ ಬಗ್ಗಿ ಮೂಗಿಟ್ಟರು. ತಟ್ಟನೆ ತಲೆ ಹಿಂದೆಳೆದುಕೊಂಡರು. ಕಣ್ಣಲ್ಲಿ ನೀರು.

"ಓಡಿಲ್! ಬಾ ಇಲ್ಲಿ, ಸಿಕ್ತು!"

"ಅದು ವಾಸನೆ ಅಲ್ಲಪ್ಪ, ಉರಿ."

"ಇರ್ಲಿ ಬಿಡೇ. ಉರಿಯಾದ್ರೂ ಇದೆಯಲ್ಲ."

ದ್ರಾಕ್ಷಿಯ ಹೂವು, ಸುಟ್ಟ ರೊಟ್ಟಿ, ಮಗಳ ನೆತ್ತಿ, ಯಾವುದೂ ತಲುಪದ ಜಾಗಕ್ಕೆ ಕೆಟ್ಟುಹೋದ ನಾನು ತಲುಪಿದ್ದೆ. ಈಗ ಅವರಿಗೆ ಮಂಡಿಯೂರಲಾಗದು. ಊಟವಾದಮೇಲೆ ಕುರ್ಚಿ ಎಳೆದುಕೊಂಡು ಬಗ್ಗುತ್ತಾರೆ. ಎರಡು ಹೊಳ್ಳೆ, ಒಂದು ಬೆಳ್ಳನೆಯ ಮೀಸೆ. ನನ್ನಲ್ಲಿರುವುದನ್ನೆಲ್ಲ ಕೊಡುತ್ತೇನೆ. ಕಣ್ಣೊರೆಸಿಕೊಳ್ಳುತ್ತಾ ಕೇಳುತ್ತಾರೆ: "ಇದ್ದೀಯೇನೋ?"

ಇದ್ದೇನೆ.