ಗುತ್ಯಮ್ಮನಿಗೆ ಸೊಟ್ಟಗೆ ಕಂಡ ಗೆರೆ

ಗದ್ದೆಯ ಪೈರಿಗೆ ಪೂಜೆ ಮಾಡುವ ಭೂಮಿ ಹುಣ್ಣಿಮೆ ಹತ್ತಿರ ಬಂದಿತ್ತು. ಹೊಸನಗರದ ಕಡೆಯ ಗುತ್ಯಮ್ಮ ಕೆಮ್ಮಣ್ಣು ಬಳಿದ ಪೂಜೆಯ ಬುಟ್ಟಿಯ ಮೇಲೆ ಅಕ್ಕಿಹಿಟ್ಟಿನ ಚಿತ್ತಾರ ಬರೆಯಲು ಕೂತಿದ್ದಳು. ಚಿತ್ತಾರದಲ್ಲಿ ಅವಳನ್ನು ಮೀರಿಸುವವರು ಊರಲ್ಲೇ ಇಲ್ಲ. ಆದರೆ ಈ ಸಲ ಎಳೆದ ಗೆರೆಯೆಲ್ಲ ಸೊಟ್ಟ! ಒರೆಸಿ ಮತ್ತೆ ಎಳೆದಳು. ಮತ್ತೂ ಸೊಟ್ಟ. ನಾರಿನ ಕುಂಚವನ್ನೇ ಬದಲಿಸಿದಳು, ಹಿಟ್ಟಿಗೂ ಬೈದಳು.

"ಕುಣಿಲಾರದೋಳು ನೆಲ ಡೊಂಕು ಅಂದ್ಲಂತೆ" ಎಂದು ಗಂಡ ಪುಟ್ಟಪ್ಪ ಛೇಡಿಸಿದ.

ಸೊಸೆ ಕಾವ್ಯಾ ಬಗ್ಗಿ ನೋಡಿದಳು. "ಅತ್ತೆ, ಎಂತಕ್ಕೆ ಒರೆಸ್ತೀರಾ? ನೆಟ್ಟಗೇ ಐತಲ್ಲ!"

"ಸುಮ್ನಿರೇ. ನಡುಮಧ್ಯ ಹಾವಿನಂಗೆ ಡೊಂಕಾಗಿರೋದು ಕಾಣಲ್ವಾ?"

ಕಾವ್ಯಾ ಅತ್ತೆಯ ಕೈ ಹಿಡಿದಳು. "ಅತ್ತೆ, ಗೆರೆ ಸರಿ ಐತೆ. ನಿಮಗೆ ಶುಗರ್ ಐತೆ, ಮಾತ್ರೆ ನೆನಪಾದಾಗ ತಗೊಳ್ತೀರಾ. ಕಣ್ಣು ತೋರಿಸ್ಲೇಬೇಕು."

"ಶುಗರ್ ನಂಗೂ ಐತೆ. ಕಣ್ಣು ಫಸ್ಟ್ ಕ್ಲಾಸ್! ಕನ್ನಡಕ ಹಾಕಿದ್ರಾತು ಬಿಡು" ಎಂದ ಪುಟ್ಟಪ್ಪ.

ಗುತ್ಯಮ್ಮನಿಗೆ ಮಾತ್ರ ಹೆದರಿಕೆ ಹತ್ತಿತು. ಕಣ್ಣು ಹೋದರೆ ಚಿತ್ತಾರವೂ ಹೋದಂತೆಯೇ. ಮೂವರೂ ಸಾಗರದ ಬಸ್ಸು ಹತ್ತಿದರು.

ಆಸ್ಪತ್ರೆಯಲ್ಲಿ ಅವಳ ಕಣ್ಣಿಗೆ ಹನಿ ಬಿಟ್ಟು, ಮೆಷಿನ್ನಿಗೆ ಗದ್ದ ಊರಿಸಿ ಫೋಟೊ ತೆಗೆದರು. ಡಾಕ್ಟರಮ್ಮ ಕಂಪ್ಯೂಟರನ್ನು ಇವರತ್ತ ತಿರುಗಿಸಿದರು. ಪರದೆಯ ತುಂಬ ಕೆಂಪಗೆ ಬೆಳಗುವ ದುಂಡು. ಅದರ ಮೇಲೆ ಕವಲೊಡೆದು ಕವಲೊಡೆದು, ಕೂದಲೆಳೆಯಷ್ಟು ಸಣ್ಣದಾಗುವ ನಾಳಗಳು.

"ಇದು ಎಂತದಮ್ಮಾ?"

"ನಿಮ್ಮ ಕಣ್ಣಿನ ಒಳಗೋಡೆ."

ಗುತ್ಯಮ್ಮ ಕೈಮುಗಿದೇಬಿಟ್ಟಳು. "ಅಬ್ಬಬ್ಬಾ! ಇಂಥ ನಾಜೂಕು ಕೆಲಸ ಏಳು ಜನ್ಮ ಕೂತ್ರೂ ನನ್ ಕೈಲಾಗಲ್ಲ. ಇದನ್ನ ಹೊತ್ಕೊಂಡು ತಿರುಗ್ತಿದ್ನಾ ನಾನು?"

"ಈ ಕೆಂಪು ಚುಕ್ಕಿ ನೋಡಿ, ರಕ್ತ ಸೋರಿದ್ದು. ಸಕ್ಕರೆ ಹೆಚ್ಚಾಗಿ ನಾಳ ಹಾಳಾಗಿದೆ. ನಡುವೆ ಊತ ಬಂದಿದೆ, ಅದಕ್ಕೇ ಗೆರೆ ಡೊಂಕು ಕಾಣೋದು. ಇಂಜೆಕ್ಷನ್ ಕೊಟ್ಟು ಊತ ಇಳಿಸೋಣ. ಸಕ್ಕರೆ, ಬಿಪಿ ಮಾತ್ರ ನೀವೇ ಹಿಡಿತದಲ್ಲಿ ಇಟ್ಕೋಬೇಕು. ತಡ ಮಾಡಿದ್ರೆ ಹೋದ ದೃಷ್ಟಿ ವಾಪಸ್ ಬರಲ್ಲ."

"ಅವ್ಳಿಗೆ ನೋವೇ ಇರ್ಲಿಲ್ವಲ್ಲ ಡಾಕ್ಟ್ರೇ?" ಪುಟ್ಟಪ್ಪನ ದನಿ ಇಳಿದಿತ್ತು.

"ಶುರುವಲ್ಲಿ ನೋವೂ ಇರಲ್ಲ, ಮಬ್ಬೂ ಇರಲ್ಲ. ಅದೇ ಅಪಾಯ."

ಪುಟ್ಟಪ್ಪ ಬಗ್ಗಿ ಪರದೆಯ ಕೆಂಪು ಚುಕ್ಕಿಯನ್ನು ಮತ್ತೊಮ್ಮೆ ನೋಡಿದ. ಆಮೇಲೆ ಹೆಗಲ ಟವೆಲನ್ನು ಸೊಸೆಯ ಕೈಗೆ ಕೊಟ್ಟು, ಫೋಟೊ ಮೆಷಿನ್ನಿನ ಮುಂದಿನ ಕುರ್ಚಿಯಲ್ಲಿ ತಾನೇ ಹೋಗಿ ಕೂತ.

"ನಂದೂ ಒಂದು ತೆಗೀರಿ" ಎಂದ.

ಶುಗರ್ ಇರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಕಣ್ಣೊಳಗೂ ಅಂಥದೇ ಸೋಜಿಗವಿದೆ. ಮಾತ್ರೆ ತಪ್ಪಿಸಬೇಡಿ. ಚೆನ್ನಾಗಿ ಕಾಣುತ್ತಿದ್ದರೂ ವರ್ಷಕ್ಕೊಮ್ಮೆ ಕಣ್ಣಿನ ಒಳಭಾಗ ಪರೀಕ್ಷೆ ಮಾಡಿಸಿ. ಈ ವರ್ಷ ಇನ್ನೂ ತೋರಿಸಿಲ್ಲವೇ? ಹಾಗಾದರೆ ನಾಳೆಯ ಬಸ್ಸಿಗೇ ಹೊರಡಿ.