ಮೀನಿಗೆ ಕಿವಿಯಿಲ್ಲವಂತೆ

ಎಂಬತ್ತಾರನೇ ಇಸವಿಯಲ್ಲಿ ಆಂಧ್ರದ ಗಡಿಯ ಕುಂದುರ್ಪಿ ಪಕ್ಕದ ಕೆರೆಯ ಮೀನು ಗುತ್ತಿಗೆ ರಂಗಲಕ್ಷ್ಮಮ್ಮನದು. ಹಿಂದೂಪುರದಿಂದ ಮರಿ ತಂದು ಬಿಟ್ಟು, ಮಕ್ಕಳಂತೆ ಸಾಕಿದ್ದಳು. ಬೆಳಿಗ್ಗೆ ನೀರಿಗಿಳಿದು ತಪ್ಪಲೆ ಬಡಿದರೆ ಸಾಕು, ಕಟ್ಲಾ, ರೋಹು ಎಲ್ಲ ತೌಡಿಗೆಂದು ಅವಳ ಕಾಲಬುಡಕ್ಕೆ ನುಗ್ಗುವವು. ಬಲಿತ ಮೇಲೆ ಹಿಡಿಯುವುದೂ ಹೀಗೆಯೇ, ಕರೆದು. ಬೇಸಿಗೆಗೆ ನೀರಿಳಿಯುವ ಮೊದಲು ಕಲ್ಯಾಣದುರ್ಗದ ಸಂತೆಗೆ ಸಾಗಿಸದಿದ್ದರೆ ವರ್ಷದ ಕೂಳಿಗೆ ಕಲ್ಲು.

ಅಷ್ಟರಲ್ಲಿ ನೆಲದೊಳಗೆ ಏನಿದೆ ಎಂದು ಹುಡುಕುವ ಸರ್ವೆಯವರು ಬಂದರು. ನೀರಲ್ಲಿ ಮದ್ದು ಸಿಡಿಸಿ, ಏರಿಯ ಮೇಲೆ ಹಾಸಿದ ತಂತಿಗಳಲ್ಲಿ ಅದರ ಮರುದನಿ ಹಿಡಿಯುತ್ತಾರಂತೆ. ಜನ, ದನ ಕೆರೆಗೆ ಇಳಿಯಬಾರದೆಂದು ಊರಲ್ಲಿ ದಂಡೋರ ಹಾಕಿಸಿದರು. ಗುತ್ತಿಗೆ ಹಿಡಿದವಳನ್ನು ಮಾತ್ರ ಒಂದು ಮಾತು ಕೇಳಲಿಲ್ಲ. ದಿನವಿಡೀ ನೀರು ಅದುರಿತು. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವುದು ಎಂದರೆ ಇದೇ.

ಮರುದಿನ ತಪ್ಪಲೆ ಬಡಿದರೆ ಒಂದು ಮೀನೂ ಬರಲಿಲ್ಲ. ಬಡಿದಷ್ಟೂ ದೂರ ಓಡಿದವು. ವಾರ ಕಳೆದರೂ ತೌಡು ಮುಟ್ಟಲಿಲ್ಲ. ತಾನು ಕರೆಯುವ ಸದ್ದಿಗೇ ಅವು ಹೆದರುತ್ತಿವೆ ಎಂದು ರಂಗಲಕ್ಷ್ಮಮ್ಮನಿಗೆ ತಿಳಿಯಿತು. ಸೀದಾ ಬಸ್ಸು ಹತ್ತಿ ಕಲ್ಯಾಣದುರ್ಗದ ಸರ್ವೆ ಕ್ಯಾಂಪಿಗೆ ಹೋದಳು.

"ಚೇಪಲು... ಮೀನುಗಳು ಸತ್ತು ತೇಲಿವೆಯಾ?" ಎಂದ ಆಫೀಸರು, ಅರ್ಧ ತೆಲುಗಿನಲ್ಲಿ.

"ಸತ್ತಿಲ್ಲ ಸಾರ್, ಬೆದರ್ಬುಟ್ಟವೆ. ಕರುದ್ರೆ ಬರಾಕಿಲ್ಲ, ಮೇಯಾಕಿಲ್ಲ."

"ಸಾಯದ ಮೇಲೆ ನಷ್ಟವೆಲ್ಲಿ? ಬರೀ ಸದ್ದಮ್ಮ ಅದು. ಮೀನಿಗೆ ಕಿವಿಯೇ ಇಲ್ಲ. ಸೋಮವಾರ ಅದೇ ಕೆರೆಯಲ್ಲಿ ಇನ್ನೊಂದು ಲೈನ್ ಸಿಡಿಸುವುದಿದೆ."

"ಬರೀ ಸದ್ದಾದ್ರೆ ದನುಕ್ಯಾಕೆ ದಂಡೋರ ಹಾಕ್ಸುದ್ರಿ?"

ಆ ಪುಣ್ಯಾತ್ಮ ಅದನ್ನು ಕಿವಿಯ ಮೇಲೇ ಹಾಕಿಕೊಳ್ಳಲಿಲ್ಲ. ಜವಾನ ಬಾಗಿಲು ತೋರಿಸಿದ.

ಸೋಮವಾರ ಮದ್ದು ಇಳಿಸಿ ಆಫೀಸರು ಸಿಡಿಸುವ ಗುಂಡಿಗೆ ಬೆರಳಿಡುವ ಹೊತ್ತಿಗೆ ರಂಗಲಕ್ಷ್ಮಮ್ಮ ಕುತ್ತಿಗೆಮಟ್ಟ ನೀರಲ್ಲಿದ್ದಳು. ಏರಿಯ ಮೇಲೆ ಅವಳ ಗಂಡ ಓಬಣ್ಣ ನಿಂತಿದ್ದ.

"ಆಚೆ ಬಾರಮ್ಮ, ಸಾಯ್ತೀಯ" ಎಂದು ಆಫೀಸರು ಕೂಗಿದ.

"ಬರೀ ಸದ್ದಲ್ವಾ ಸಾರ್? ನನ್ ಮೀನು ತಡ್ಕಂಡವೆ, ನಾನೂ ತಡ್ಕತೀನಿ. ಒತ್ತಿ."

ಬಿಸಿಲೇರಿತು. ಅವಳು ಕದಲಲಿಲ್ಲ. ಕೊನೆಗೆ ಆಫೀಸರು ಬೈದುಕೊಳ್ಳುತ್ತ ಮದ್ದು ಎತ್ತಿಸಿ ತಂತಿ ಸುತ್ತಿಸಿದ. ಜೀಪು ಹೊರಟಿತು.

ಓಬಣ್ಣ ಇಳಿದು ಬಂದು ಕೈ ಹಿಡಿದ. "ಗೆದ್ಬುಟ್ಟೆ ಕಣಮ್ಮಿ."

"ಏನ್ ಗೆದ್ದೆ? ನಾನ್ ಸತ್ರೆ ಅವ್ರ ಮೇಲೆ ಕೇಸಾಯ್ತದೆ, ಅದುಕ್ ನಿಲ್ಸುದ್ರು. ಮೀನ್ಗೋಸ್ಕರ ಅಲ್ಲ ಕಣಯ್ಯ" ಎಂದು ರಂಗಲಕ್ಷ್ಮಮ್ಮ ಸೆರಗು ಹಿಂಡುತ್ತ ಏರಿ ಹತ್ತಿದಳು.